ಅಡವಿ ಬಾಡಿಗೆಗೆ ಸಿಗುತ್ತದೆ

ಸಿನಿಮಾದ ಕೈದಿಗೆ ಜೈಲಿನಿಂದ ತಪ್ಪಿಸಿಕೊಳ್ಳುವುದು ದೊಡ್ಡ ಕೆಲಸವೇನಲ್ಲ. ಕಾವಲಿನವನು ತೂಕಡಿಸುತ್ತಾನೆ, ಸರಳು ಸಡಿಲವಾಗುತ್ತದೆ, ಮಳೆಯೂ ಸಮಯಕ್ಕೆ ಸರಿಯಾಗಿ ಸುರಿಯುತ್ತದೆ. ತಾಪತ್ರಯ ಶುರುವಾಗುವುದು ಅಡವಿ ಸೇರಿದ ಮೇಲೆ: ಏನು ತಿನ್ನುವುದು, ಗಾಯಕ್ಕೆ ಏನು ಹಚ್ಚುವುದು, ಯಾವ ದಿಕ್ಕಿಗೆ ನಡೆಯುವುದು. ಡೀಟರ್ ಡೆಂಗ್ಲರ್ ಎಂಬ ಅಮೆರಿಕದ ನೌಕಾಪಡೆಯ ಪೈಲಟ್ 1966ರಲ್ಲಿ ಲಾವೋಸ್‌ನ ಸೆರೆಶಿಬಿರದಿಂದ ಓಡಿದ. 23 ದಿನ ಕಾಡಿನಲ್ಲಿ ಅಲೆದವನನ್ನು ಹೆಲಿಕಾಪ್ಟರಿನವರು ಎತ್ತಿಕೊಂಡಾಗ ಅವನ ತೂಕ ಸುಮಾರು 44 ಕಿಲೋ. ವರ್ನರ್ ಹರ್ಜಾಗ್ ಈ ಕಥೆಯನ್ನು ‘ರೆಸ್ಕ್ಯೂ ಡಾನ್’ ಎಂದು ಸಿನಿಮಾ ಮಾಡಿದಾಗ ನಟ ಕ್ರಿಶ್ಚಿಯನ್ ಬೇಲ್ ಕೂಡ ಊಟ ಬಿಟ್ಟು ಎಲುಬಿನ ಹಂದರವಾದರು. ಹೀರೋಗೆ ಕೋಟಿಗಟ್ಟಲೆ ಕೊಟ್ಟು ಉಪವಾಸ ಕೆಡವುವ ನಿರ್ಮಾಪಕ ಹೈದರಾಬಾದಿನ ಫಿಲ್ಮ್‌ನಗರದಲ್ಲಿ ಹುಡುಕಿದರೂ ಸಿಗಲಾರ.

ಇಲ್ಲಿಯ ಅಡವಿ ಅತಿಥಿ ಸತ್ಕಾರ ಬಲ್ಲದ್ದು. 2022ರ ‘ಆರ್‌ಆರ್‌ಆರ್’ ನೆನಪಿಸಿಕೊಳ್ಳಿ. ರಾಮರಾಜು ನೆಲದಡಿಯ ಸೆರೆಕೋಣೆಯಲ್ಲಿದ್ದಾನೆ. ಹೊಟ್ಟೆಗೆ ಕೂಳಿಲ್ಲ, ಆದರೂ ಸರಳು ಹಿಡಿದು ಪುಲ್‌ಅಪ್ ತೆಗೆಯುತ್ತಾನೆ. ಕಾಲುಗಳು ನಡೆಯಲಾರದಷ್ಟು ಜಜ್ಜಿಹೋಗಿವೆ. ಭೀಮ ಬಂದು ಅವನನ್ನು ಹೆಗಲ ಮೇಲೆ ಕೂರಿಸಿಕೊಂಡು, ಕೆಳಗಿನವನು ಓಡುತ್ತ, ಮೇಲಿನವನು ಗುಂಡು ಹಾರಿಸುತ್ತ, ಇಬ್ಬರೂ ಕಾಡು ಸೇರುತ್ತಾರೆ. ಅಲ್ಲಿ ಮೂಲಿಕೆ ಕೈಗೆಟಕುವಲ್ಲೇ ಬೆಳೆದಿದೆ. ಅರೆದು ಕಟ್ಟಿದ ಸ್ವಲ್ಪ ಹೊತ್ತಿಗೆಲ್ಲ ಕಾಲು ವಾಸಿ. ಪಕ್ಕದಲ್ಲೇ ರಾಮನ ವಿಗ್ರಹ, ಬಿಲ್ಲು, ಬಾಣ, ಕೇಸರಿ ಪಂಚೆ. ಪಂಚೆಯ ಅಳತೆಯೂ ಸರಿಹೋಗುತ್ತದೆ. ಡೆಂಗ್ಲರನಿಗೆ ಕಾಡಿನಲ್ಲಿ ಹಾವು ಸಿಕ್ಕಿತು, ನಮ್ಮವನಿಗೆ ಬ್ಯಾಕ್‌ಗ್ರೌಂಡ್ ಮ್ಯೂಸಿಕ್ ಸಿಕ್ಕಿತು. (ನಿರ್ದೇಶಕ ರಾಜಮೌಳಿ ಹುಟ್ಟಿದ್ದು ನಮ್ಮ ರಾಯಚೂರು ಜಿಲ್ಲೆಯ ಮಾನ್ವಿ ತಾಲ್ಲೂಕಿನಲ್ಲಿ. ಆಸ್ಕರ್ ಬಂದ ವಾರ ಈ ಸಂಗತಿ ಸಮಸ್ತ ಕನ್ನಡಿಗರಿಗೂ ಒಟ್ಟಿಗೇ ನೆನಪಾಗಿತ್ತು.)

ಅಡವಿಯ ಸೆರೆ ಎಂದರೇನೆಂದು ಕನ್ನಡಿಗರಿಗೆ ಯಾರೂ ಹೇಳಿಕೊಡಬೇಕಿಲ್ಲ. 2000ದ ಜುಲೈ 30ರಂದು ಗಾಜನೂರಿನಿಂದ ವೀರಪ್ಪನ್ ಎತ್ತಿಕೊಂಡು ಹೋದ ರಾಜ್‌ಕುಮಾರ್ 108 ದಿನ ಕಾಡಿನಲ್ಲಿದ್ದರು. ತೆರೆಯ ಮೇಲೆ ಮಯೂರನಾಗಿ ಮೆರೆದ, ಎಪ್ಪತ್ತು ದಾಟಿದ ಹಿರಿಯರು ನಿಜವಾದ ಕಾಡಿನಲ್ಲಿ ಮಾಡಿದ್ದು ತಾಳ್ಮೆಯಿಂದ ಕಾದು ಕೂತದ್ದು. ಜೊತೆಗಿದ್ದವರಲ್ಲಿ ಒಬ್ಬರು ತಪ್ಪಿಸಿಕೊಂಡು ಬಂದಾಗ ನಾಡು ಶಿಳ್ಳೆ ಹೊಡೆಯಲಿಲ್ಲ. ಇನ್ನೂ ಒಳಗಿರುವವರ ಗತಿಯೇನೋ ಎಂದು ಬೆವರಿತು.

ಇನ್ನು ‘ಆರ್‌ಆರ್‌ಆರ್’ನ ಭೀಮನ ವಿಷಯ. ನಿಜವಾದ ಕೊಮುರಂ ಭೀಮ್ ಹೈದರಾಬಾದ್ ಸಂಸ್ಥಾನದ ಆದಿಲಾಬಾದ್ ಕಡೆಯ ಗೊಂಡ. ಸಿನಿಮಾದ ರಾಮರಾಜುವಿಗೆ ಮೂಲವಾದ ಅಲ್ಲೂರಿ ಸೀತಾರಾಮರಾಜು 1924ರಲ್ಲೇ ಬ್ರಿಟಿಷರ ಗುಂಡಿಗೆ ಬಲಿಯಾದವರು. ಇಬ್ಬರೂ ಒಬ್ಬರ ಮುಖ ಒಬ್ಬರು ಕಂಡವರಲ್ಲ. ಭೀಮ್ ಅಸ್ಸಾಂನ ಚಹಾತೋಟದಲ್ಲಿ ಕೂಲಿ ಮಾಡಿ, ಅಲ್ಲಿ ಜೈಲು ಸೇರಿ, ಜೈಲಿನಿಂದ ತಪ್ಪಿಸಿಕೊಂಡು ಊರಿಗೆ ಬಂದನೆಂದು ಜನ ಹೇಳುತ್ತಾರೆ. ಅಂದರೆ ಜೈಲಿನಿಂದ ಕಾಡಿಗೆ ಓಡುವ ಸೀನು ಅವನ ಕಥೆಯಲ್ಲೇ ಪುಕ್ಕಟೆ ಇತ್ತು. ಆದರೆ ಊರಿಗೆ ಬಂದವನು ಹೊಡೆದಾಡಿದ್ದು ನಿಜಾಮನ ಸರ್ಕಾರದ ಜೊತೆ, ಅರಣ್ಯ ಇಲಾಖೆಯ ಜಂಗಲಾತಿನವರ ಜೊತೆ, ಉತ್ತುಬಿತ್ತ ನೆಲದ ಪಟ್ಟಾ ಯಾರ ಹೆಸರಿಗೆ ಎಂಬ ಪ್ರಶ್ನೆಗೆ. 1940ರಲ್ಲಿ ಜೋಡೇಘಾಟಿನಲ್ಲಿ ಅವನನ್ನು ಕೊಂದದ್ದು ನಿಜಾಮನ ಪೊಲೀಸರು.

ಸಿನಿಮಾದಲ್ಲಿ ಈ ನಿಜಾಮನ ಪಾಲೆಷ್ಟು? ಅವನ ಕಡೆಯ ಅಧಿಕಾರಿಯೊಬ್ಬ ದೆಹಲಿಗೆ ಬಂದು, ಗೊಂಡನೊಬ್ಬ ನಿಮ್ಮನ್ನು ಹುಡುಕಿಕೊಂಡು ಬರುತ್ತಿದ್ದಾನೆ, ಹುಷಾರು ಎಂದು ಬಿಳಿಯರಿಗೆ ಎಚ್ಚರಿಕೆ ಕೊಡುತ್ತಾನೆ. ಅಷ್ಟೇ. ಉಳಿದ ಏಟೆಲ್ಲ ಬ್ರಿಟಿಷರಿಗೆ. ವ್ಯವಹಾರ ಬಲ್ಲವರ ಕೆಲಸ ಇದು. ಬ್ರಿಟಿಷರಿಗೆ ಇಲ್ಲಿ ಓಟಿಲ್ಲ, ಸಂಘವಿಲ್ಲ, ಅವರನ್ನು ಎಷ್ಟು ಬಡಿದರೂ ಯಾರ ಭಾವನೆಗೂ ಧಕ್ಕೆಯಿಲ್ಲ. 2020ರಲ್ಲಿ ಭೀಮನಿಗೆ ಮುಸ್ಲಿಮರ ಟೋಪಿ ತೊಡಿಸಿದ ಟೀಸರಿಗೇ ಊರೆಲ್ಲ ಗಲಾಟೆಯಾಗಿತ್ತು, ಇನ್ನು ನಿಜಾಮನನ್ನು ತಂದಿದ್ದರೆ! ಜಂಗಲಾತಿನವರನ್ನು ವಿಲನ್ ಮಾಡುವುದಂತೂ ಆಗದ ಮಾತು. ನಾಳೆ ಶೂಟಿಂಗಿಗೆ ಪರ್ಮಿಷನ್ ಕೊಡುವವರು ಅವರೇ ತಾನೆ? ಅದಕ್ಕೂ ದಾರಿ ಹುಡುಕಿದ್ದರು ಅನ್ನಿ. ಭೀಮ ಹುಲಿಯೆದುರು ಬರಿಗಾಲಲ್ಲಿ ಓಡುವ ಆ ದಟ್ಟ ಕಾಡು ಬಲ್ಗೇರಿಯಾದ್ದು. ಗೊಂಡರು ಯಾವ ಕಾಡಿಗಾಗಿ ಸತ್ತರೋ ಆ ಕಾಡಿಗೆ ಡೇಟ್ಸ್ ಸಿಕ್ಕಿರಲಿಲ್ಲವೇನೋ.

ಫಿಲ್ಮ್‌ನಗರದಲ್ಲೊಂದು ಸ್ಟೋರಿ ಸಿಟ್ಟಿಂಗ್ ಊಹಿಸಿಕೊಳ್ಳಿ. ಕೃಷ್ಣಾನಗರದ ಬಾಡಿಗೆ ಕೋಣೆಯಿಂದ ಬಂದ ಬೀದರದ ಹುಡುಗನೊಬ್ಬ ನಿರ್ಮಾಪಕರಿಗೆ ಕಥೆ ಒಪ್ಪಿಸುತ್ತಿದ್ದಾನೆ.

“ಸರ್, ಎರಡನೇ ಮಹಾಯುದ್ಧ. ಹೈಮೆನ್‌ಡಾರ್ಫ್ ಅಂತ ವಿಯೆನ್ನಾದ ಮಾನವಶಾಸ್ತ್ರಜ್ಞ. ಕೈಯಲ್ಲಿ ಜರ್ಮನ್ ಪಾಸ್‌ಪೋರ್ಟು. ಬ್ರಿಟಿಷರು ಶತ್ರುದೇಶದವನು ಅಂತ ಹಿಡಿದು, ಹೈದರಾಬಾದ್ ಸಂಸ್ಥಾನ ಬಿಟ್ಟು ಕದಲಬೇಡ ಅಂತಾರೆ.”

“ಭೇಷ್. ಹೇಗೆ ತಪ್ಪಿಸಿಕೊಳ್ತಾನೆ?”

“ತಪ್ಪಿಸಿಕೊಳ್ಳಲ್ಲ ಸರ್. ಹೆಂಡತಿಯನ್ನೂ ಕರಕೊಂಡು ತಾನೇ ಕಾಡಿಗೆ ಹೋಗ್ತಾನೆ. ಗೊಂಡರ ಊರು, ಮಾರ್ಲವಾಯಿ. ಭೀಮನ್ನ ಕೊಂದ ಮೇಲೆ, ಈ ಜನ ಯಾಕೆ ದಂಗೆ ಎದ್ರು ನೋಡಿ ಹೇಳಿ ಅಂತ ನಿಜಾಮ್ ಸರ್ಕಾರವೇ ಇವನನ್ನ ಕೇಳುತ್ತೆ.”

“ಯಾಕಂತೆ?”

“ಉಳುತ್ತಿದ್ದ ಹೊಲದ ಮೇಲೆ ಮೀಸಲು ಅರಣ್ಯದ ಗಡಿ ಎಳೆದಿದ್ರು ಸರ್. ದನ ಮೇಯಿಸಿದ್ರೆ ತೆರಿಗೆ, ಸೌದೆ ತಂದ್ರೆ ತೆರಿಗೆ.”

“ಇಂಟರ್ವಲ್ ಬ್ಯಾಂಗ್ ಎಲ್ಲಿ?”

“ಗೊಂಡರಿಗೆ ಪಟ್ಟಾ ಕೊಡಿಸುವಾಗ.”

“ಪಟ್ಟಾಕ್ಕೆ ಎಲಿವೇಷನ್ ಹೇಗಯ್ಯಾ ಕೊಡೋದು? ಸ್ಲೋ ಮೋಷನ್‌ನಲ್ಲಿ ಸೀಲು ಒತ್ತಿಸ್ಲಾ?”

“ಆಮೇಲೆ ಗೊಂಡಿ ಭಾಷೆಯಲ್ಲೇ ಪುಸ್ತಕ ಮಾಡಿಸಿ ಶಾಲೆ ತೆರೀತಾನೆ. ಹೆಂಡತಿ ಬೆಟ್ಟಿ 1987ರಲ್ಲಿ ತೀರಿಕೊಂಡಾಗ ಮಾರ್ಲವಾಯಿಯಲ್ಲೇ ಮಣ್ಣು ಮಾಡ್ತಾರೆ. ಸಮಾಧಿ ಈಗಲೂ ಇದೆ ಸರ್.”

“ಫೈಟು?”

“ಇಲ್ಲ ಸರ್.”

“ಯುದ್ಧ ಇದೆ, ಕೈದಿ ಇದ್ದಾನೆ, ಕಾಡಿದೆ, ಫೈಟಿಲ್ಲ! ಇದನ್ನ ಡಾಕ್ಯುಮೆಂಟರಿ ಮಾಡೋರಿಗೆ ಹೇಳು. ಆ ಹೆಸರು ನಮ್ಮ ಹೀರೋ ನಾಲಿಗೆ ಮೇಲೂ ಹೊರಳಲ್ಲ.”

ನಿರ್ಮಾಪಕರನ್ನು ಬೈದು ಫಲವಿಲ್ಲ. ವಿಜಯವಾಡ ರಸ್ತೆಯಲ್ಲಿ 1996ರಲ್ಲಿ ಶುರುವಾದ ರಾಮೋಜಿ ಫಿಲ್ಮ್ ಸಿಟಿ, ಗಿನ್ನೆಸ್ ಲೆಕ್ಕದಲ್ಲಿ 1,666 ಎಕರೆ. ಏರ್‌ಪೋರ್ಟು, ರೈಲ್ವೆ ಸ್ಟೇಷನ್ನು, ಬೇಕಾದ ದೇಶದ ಬೀದಿ ಎಲ್ಲವೂ ಒಂದೇ ಕಾಂಪೌಂಡಿನೊಳಗೆ. ಹೀಗಿರುವಾಗ ಜೈಲಿನಿಂದ ಓಡಿದ ಕೈದಿ ಮಧ್ಯಾಹ್ನದ ಊಟದೊಳಗೆ ಕಾಡು ಸೇರಬಹುದು. ಆದಿಲಾಬಾದಿನ ಬಸ್ಸು ಯಾಕೆ ಹತ್ತಬೇಕು?

ಹಾಗೆ ನೋಡಿದರೆ ಬಸ್ಸು ಹತ್ತದೆಯೂ ಸಿಗುವ ಕಾಡೊಂದು ಊರೊಳಗೇ ಇತ್ತು. ಹೈದರಾಬಾದ್ ವಿಶ್ವವಿದ್ಯಾಲಯಕ್ಕೆ ತಾಗಿಕೊಂಡ ಕಂಚ ಗಚ್ಚಿಬೌಲಿಯ 400 ಎಕರೆ. ಐಟಿ ಕಂಪನಿಗಳಿಗೆ ಹರಾಜು ಹಾಕಲೆಂದು 2025ರ ಯುಗಾದಿ ರಜೆಯ ಹೊತ್ತಿಗೆ ಅಲ್ಲಿಗೆ ಬುಲ್ಡೋಜರುಗಳ ದಂಡು ಬಂತು. ಲೈಟು ಹಾಕಿಕೊಂಡು ರಾತ್ರಿಯೂ ಮರ ಉರುಳಿಸಿದರು, ಕತ್ತಲಲ್ಲಿ ನವಿಲುಗಳು ಕೂಗಿದವು. ಅಲ್ಲಿ ಹುಲಿಯೂ ಇಲ್ಲ, ಜಿಂಕೆಯೂ ಇಲ್ಲ, ಅಭಿವೃದ್ಧಿಗೆ ಅಡ್ಡಬರುವ ಗುಳ್ಳೆನರಿಗಳಷ್ಟೇ ಇವೆ ಎಂದು ಮುಖ್ಯಮಂತ್ರಿ ರೇವಂತ್ ರೆಡ್ಡಿ ಹೇಳಿದರು. ಓಡುವ ಜಿಂಕೆಗಳ ಚಿತ್ರ ಹರಿದಾಡಿದಾಗ, ಅವು ಎಐ ಸೃಷ್ಟಿಸಿದ ಸುಳ್ಳು ಚಿತ್ರಗಳೆಂದು ಸರ್ಕಾರ ಕೇಸು ಹಾಕಿತು. ಎಐ ಚಿತ್ರಗಳೂ ಕೆಲವು ಇದ್ದವು, ಸುಳ್ಳೇನಲ್ಲ. ಆದರೆ ಈ ಊರಿನ ಪ್ರಾಣಿಗಳ ಹಣೆಬರಹ ನೋಡಿ: ‘ಆರ್‌ಆರ್‌ಆರ್’ನಲ್ಲಿ ಭೀಮನ ಲಾರಿಯಿಂದ ಚಂಗನೆ ಹಾರಿದ ಗ್ರಾಫಿಕ್ಸ್ ಜಿಂಕೆಯನ್ನು ಜಗತ್ತೇ ನಿಜವೆಂದು ನಂಬಿತು, ಗಚ್ಚಿಬೌಲಿಯ ರಕ್ತಮಾಂಸದ ಜಿಂಕೆ ತಾನು ಗ್ರಾಫಿಕ್ಸ್ ಅಲ್ಲವೆಂದು ರುಜುವಾತು ಮಾಡಬೇಕಾಯಿತು.

ಏಪ್ರಿಲ್ 3ರಂದು ಸುಪ್ರೀಂ ಕೋರ್ಟ್ ಕೆಲಸ ನಿಲ್ಲಿಸಿತು. ಅಷ್ಟರಲ್ಲಿ ಸುಮಾರು 100 ಎಕರೆ ಬೋಳಾಗಿತ್ತು. ಅದನ್ನು ಮತ್ತೆ ಕಾಡು ಮಾಡದಿದ್ದರೆ ಅದೇ ಜಾಗದಲ್ಲಿ ತಾತ್ಕಾಲಿಕ ಜೈಲು ಕಟ್ಟಿಸಿ ಅಧಿಕಾರಿಗಳನ್ನು ಇರಿಸಬೇಕಾದೀತು ಎಂದು ನ್ಯಾಯಪೀಠ ಗದರಿತು.

ಅದೇ ಸಿಟ್ಟಿಂಗಿನಲ್ಲಿ ಬೀದರದ ಹುಡುಗ ಇಷ್ಟನ್ನೂ ಹೇಳಿ ಮುಗಿಸುವ ಹೊತ್ತಿಗೆ ನಿರ್ಮಾಪಕರು ಮೊದಲ ಸಲ ನೆಟ್ಟಗೆ ಕೂತರು.

“ಕಾಡೊಳಗೇ ಜೈಲಾ? ಕೆರೆಯೂ ಇದೆಯಾ?” ಮ್ಯಾನೇಜರ್ ಕಡೆ ತಿರುಗಿದರು. “ಆ ಜೈಲು ಕಟ್ಟಿದ್ರೆ, ಅಧಿಕಾರಿಗಳು ಒಳಗೆ ಹೋಗೋಕೆ ಮುಂಚೆ ನಮಗೊಂದು ಹತ್ತು ದಿನ ಬಾಡಿಗೆಗೆ ಸಿಗುತ್ತೇನೋ ಕೇಳಿ ನೋಡಿ.”

“ಹತ್ತು ದಿನ ಯಾಕೆ ಸರ್,” ಅಂದರು ಮ್ಯಾನೇಜರು, “ವರ್ಷಪೂರ್ತಿ ಖಾಲಿ ಇರುತ್ತೆ.”