ಗುಪ್ತಪ್ರಾಪರ್ಟಿ ಮೀಮಾಂಸೆ

ಜಾವಾಸ್ಕ್ರಿಪ್ಟಿನ ಆಬ್ಜೆಕ್ಟುಗಳಲ್ಲಿ ಊರಿಗೆಲ್ಲ ಹೇಳಬಹುದಾದ ಪ್ರಾಪರ್ಟಿಗಳೂ ಇರುತ್ತವೆ, ಒಳಗೇ ಇರಬೇಕಾದವೂ ಇರುತ್ತವೆ. ಆಬ್ಜೆಕ್ಟು ಜೆಸನ್ ರೂಪ ತಾಳಿ ಸರ್ವರ್‌ಗೆ ಹೊರಟಾಗ ಎರಡನೆಯವುಗಳಲ್ಲಿ ಕೆಲವೂ ಸದ್ದಿಲ್ಲದೆ ಜೊತೆಗೆ ಹೊರಟುಬಿಡುತ್ತವೆ. ಇವು ತಲೆಮರೆಸಿಕೊಳ್ಳುವ ಕ್ರಮವನ್ನು ನೋಡಿ ಶಾಸ್ತ್ರಕಾರರು (ಸದ್ಯಕ್ಕೆ ನಾನೊಬ್ಬನೇ) ಐದು ಪಂಗಡಗಳನ್ನು ಹೇಳುತ್ತಾರೆ.

ಮೊದಲನೆಯದು ನಾಮಗುಪ್ತ. ಹೆಸರಿನ ಆರಂಭಕ್ಕೆ ಅಂಡರ್‌ಸ್ಕೋರನ್ನೋ ಡಾಲರ್ ಚಿಹ್ನೆಯನ್ನೋ ಅಂಟಿಸಿಕೊಂಡು, ತಾನು ಯಾರಿಗೂ ಕಾಣುತ್ತಿಲ್ಲವೆಂದು ನಂಬಿರುವ ಪಂಗಡ. 'ಒಳಗೆ ಬರಬೇಡಿ' ಎಂದು ಬೋರ್ಡು ಹಾಕಿ ಬಾಗಿಲು ತೆರೆದಿಟ್ಟ ಮನೆ. ಈ ಕುಲದ ಖ್ಯಾತ ಪುರುಷ ಆಂಗ್ಯುಲರ್‌ಜೆಎಸ್‌ನ $$ಹ್ಯಾಶ್‌ಕೀ. ಪಟ್ಟಿಯ ಯಾವ ಸಾಲು ಯಾವ ಆಬ್ಜೆಕ್ಟಿನದೆಂದು ಗುರುತಿಟ್ಟುಕೊಳ್ಳಲು ಎನ್‌ಜಿ-ರಿಪೀಟ್ ಕೇಳದೆ ಹೇಳದೆ ನಿಮ್ಮ ಆಬ್ಜೆಕ್ಟಿನೊಳಗೇ ಇದನ್ನು ಸಿಕ್ಕಿಸುತ್ತದೆ. ಆಂಗ್ಯುಲರ್‌ಜೆಎಸ್‌ನ ಸ್ವಂತ ಟುಜೆಸನ್ ಇದನ್ನು ಕಿತ್ತು ಕಳಿಸುತ್ತದೆ. ಜೆಸನ್.ಸ್ಟ್ರಿಂಗಿಫೈಗೆ ಆ ದಾಕ್ಷಿಣ್ಯವಿಲ್ಲ:

{"ತಿಂಡಿ": "ಮೈಸೂರು ಪಾಕ್", "ಬೆಲೆ": 40, "$$ಹ್ಯಾಶ್‌ಕೀ": "ಆಬ್ಜೆಕ್ಟ್:7"}

ಮೈಸೂರು ಪಾಕಿಗೂ ಆಬ್ಜೆಕ್ಟ್ ಏಳಕ್ಕೂ ಏನು ಸಂಬಂಧ ಎಂದು ಸರ್ವರ್ ತಲೆ ಕೆರೆದುಕೊಳ್ಳಬೇಕು. ಹಳೆಯ ಮೊಂಗೊಡಿಬಿಯಂತೂ ಡಾಲರ್‌ನಿಂದ ಶುರುವಾಗುವ ಹೆಸರು ಕಂಡರೆ ಆ ದಾಖಲೆಯನ್ನೇ ಒಲ್ಲೆ ಎನ್ನುತ್ತಿತ್ತು. ಎನ್‌ಜಿ-ರಿಪೀಟ್‌ಗೆ 'ಟ್ರ್ಯಾಕ್ ಬೈ' ಸೇರಿಸಿ ಐಡಿ ತೋರಿಸಿಕೊಟ್ಟರೆ ಅದು ಈ ಪ್ರಾಪರ್ಟಿಯ ತಂಟೆಗೇ ಹೋಗುವುದಿಲ್ಲ.

ಎರಡನೆಯದು ಅಗಣ್ಯ. 2009ರ ಇಸಿಎಂಎಸ್ಕ್ರಿಪ್ಟ್ 5 ಕೊಟ್ಟ ಡಿಫೈನ್‌ಪ್ರಾಪರ್ಟಿಯಿಂದ ಹುಟ್ಟುವ ಪ್ರಾಪರ್ಟಿ, ಬೇರೆ ಹೇಳದಿದ್ದರೆ, ಎನ್ಯುಮರಬಲ್ ಅಲ್ಲ. ಹಾಗಾಗಿ ಸ್ಟ್ರಿಂಗಿಫೈ ಅದನ್ನು ಲೆಕ್ಕಕ್ಕೇ ಹಿಡಿಯದು. ಇಲ್ಲೊಂದು ಪೂರ್ವಪಕ್ಷ: ಸ್ಪ್ರೆಡ್ ಚುಕ್ಕಿಗಳಿಂದ ಆಬ್ಜೆಕ್ಟನ್ನು ನಕಲು ಮಾಡಿದರೆ ಇದು ನಕಲಿನಲ್ಲಿ ಇರುವುದೇ ಇಲ್ಲವಲ್ಲ? ನಿಜ. ಅದಕ್ಕೇ ಮೂರನೆಯ ಪಂಗಡ, ಸಿಂಬಲ್ಲು. 2015ರಲ್ಲಿ ಬಂದ ಇದು ಸ್ಟ್ರಿಂಗಿಫೈ ಕಣ್ಣಿಗೆ ಬೀಳುವುದಿಲ್ಲ, ನಕಲಿನಲ್ಲಿ ತಪ್ಪಿಸಿಕೊಳ್ಳುವುದೂ ಇಲ್ಲ. ನನ್ನ ಓಟು ಇದಕ್ಕೆ.

ನಾಲ್ಕನೆಯದು # ಹಚ್ಚಿಕೊಂಡ ಖಾಸಗಿ ಫೀಲ್ಡು. ಕ್ಲಾಸಿನ ಹೊರಗಿನವರಿಗೆ ಸೊಪ್ಪು ಹಾಕದು. ಐದನೆಯದು ವೀಕ್‌ಮ್ಯಾಪ್, ಗುಟ್ಟು ಆಬ್ಜೆಕ್ಟಿನಲ್ಲೇ ಇಲ್ಲದ ಮೇಲೆ ಚರ್ಚೆಗೆ ಏನಿದೆ?

ಇಷ್ಟೆಲ್ಲ ವಿಂಗಡಿಸಿದ ಮೇಲೂ ದೊಡ್ಡ ಸೋರಿಕೆ ಇರುವುದು ಎದುರು ದಿಕ್ಕಿನಲ್ಲಿ: ಡೇಟಾಬೇಸಿನ ಸಾಲನ್ನು ಇದ್ದಹಾಗೇ ಬ್ರೌಸರ್‌ಗೆ ದಾಟಿಸುವ ಸರ್ವರ್‌ನಲ್ಲಿ. ಪುಟದಲ್ಲಿ ಕಾಣುವುದು ಬಳಕೆದಾರನ ಹೆಸರು ಮಾತ್ರ. ಹಿಂದೆ ಬಂದ ಜೆಸನ್‌ನಲ್ಲಿ ಪಾಸ್‌ವರ್ಡ್ ಹ್ಯಾಶ್, ಅಡ್ಮಿನ್ ಹೌದೋ ಅಲ್ಲವೋ ಎಂಬುದು, ಎಲ್ಲವೂ ಹಾಜರು. ಓವಾಸ್ಪ್ ಸಂಸ್ಥೆ 2019ರ ಎಪಿಐ ಅಪಾಯಗಳ ಪಟ್ಟಿಯಲ್ಲಿ ಈ ಅತಿ ಔದಾರ್ಯಕ್ಕೆ ಮೂರನೆಯ ಸ್ಥಾನ ಕೊಟ್ಟಿತ್ತು. ಏನನ್ನು ಬಚ್ಚಿಡಬೇಕೆಂದು ಪಟ್ಟಿ ಮಾಡಿದರೆ, ನಾಳೆ ಟೇಬಲ್ಲಿಗೆ ಸೇರುವ ಹೊಸ ಕಾಲಂ ಅದರಲ್ಲಿ ಇರುವುದಿಲ್ಲ. ಏನನ್ನು ಕಳಿಸಬೇಕೆಂದು ಆಬ್ಜೆಕ್ಟಿನದೇ ಟುಜೆಸನ್ ಮೆಥಡ್‌ನಲ್ಲಿ ಬರೆದಿಟ್ಟರೆ ಹೊಸದು ತಾನಾಗಿ ಒಳಗೇ ಉಳಿಯುತ್ತದೆ.

ಶಾಸ್ತ್ರದಲ್ಲಿ ಸಂಶಯವಿದ್ದವರು ತಮ್ಮದೇ ಆ್ಯಪ್ ತೆರೆದು, ಬ್ರೌಸರ್‌ನ ನೆಟ್‌ವರ್ಕ್ ಟ್ಯಾಬ್‌ನಲ್ಲಿ ಒಂದು ಉತ್ತರವನ್ನು ಪೂರ್ತಿ ಓದಿ ನೋಡಬೇಕಾಗಿ ವಿನಂತಿ.