ಪಿನ್ ಇದ್ರ ಕೊಡ್ರೀ ಅಕ್ಕಾರ

ಅರಿವೆಗೂ ಮುಹೂರ್ತದ ಹುಚ್ಚಿದೆ. ಮನೆಯ ಗೂಟಕ್ಕೆ ಜೋತುಬಿದ್ದಾಗ ಅದು ಎಂದೂ ಹರಿಯುವುದಿಲ್ಲ. ಮದುವೆಮನೆಯ ಪಂಕ್ತಿಯಲ್ಲಿ ಚಕ್ಕಳಮಕ್ಕಳ ಹಾಕಿ ಕೂಡುವಾಗ, ಎತ್ತರದ ಮೆಟ್ಟಿಲಿನ ಹಳೇ ಬಸ್ಸಿಗೆ ಕಾಲೆತ್ತುವಾಗ ಪ್ಯಾಂಟು 'ಪರ್' ಅನ್ನುತ್ತದೆ. ಈಗ ಹುಬ್ಬಳ್ಳಿ-ಧಾರವಾಡದ ನಡುವೆ ಚಿಗರಿ ಬಸ್ಸು ಓಡುತ್ತಿದೆ. ನಿಲ್ದಾಣದ ಕಟ್ಟೆಯೂ ಬಸ್ಸಿನ ನೆಲವೂ ಒಂದೇ ಮಟ್ಟಕ್ಕಿರುವುದರಿಂದ ಕಾಲೆತ್ತುವ ಪ್ರಸಂಗ ತಪ್ಪಿದೆ. ಇದರಿಂದ ಅವಳಿನಗರದ ಎಷ್ಟು ಪ್ಯಾಂಟುಗಳ ಮಾನ ಉಳಿಯಿತೆಂದು ಯಾರೂ ಲೆಕ್ಕ ಇಟ್ಟಂತಿಲ್ಲ.

ಇಂಥ ಆಪತ್ಕಾಲದಲ್ಲಿ ಗಂಡಸಿನ ಕೈಯಲ್ಲಿ ಇರುವುದು ಮೊಬೈಲು. ಅದನ್ನು ಹರಿದ ಜಾಗಕ್ಕೆ ಅಡ್ಡ ಹಿಡಿಯಬಹುದೇ ಹೊರತು ಬೇರೆ ಉಪಯೋಗವಿಲ್ಲ. ನಮ್ಮ ಕಡೆಯ ಹೆಣ್ಣುಮಕ್ಕಳನ್ನು ನೋಡಿ: ತಾಳಿಸರಕ್ಕೊಂದು ಸೇಫ್ಟಿ ಪಿನ್ನು, ಬಳೆಗೆ ಸಿಗಿಸಿದವು ಒಂದಿಷ್ಟು, ಸೆರಗಿನ ಮರೆಯಲ್ಲಿ ಇನ್ನೆಷ್ಟೋ. "ಪಿನ್ ಇದ್ರ ಕೊಡ್ರೀ ಅಕ್ಕಾರ" ಅಂದರೆ ಸಾಕು, ಗುರುತು ಪರಿಚಯ ಇಲ್ಲದವರೂ ಬಳೆಯಿಂದ ಒಂದನ್ನು ಬಿಡಿಸುತ್ತಾರೆ. ಯಾಕೆ, ಎಲ್ಲಿ ಎಂದು ಕೇಳುವುದಿಲ್ಲ. ಕಣ್ಣು ಕಿಟಕಿಯ ಹೊರಗಿರುತ್ತದೆ, ಕೈ ಮಾತ್ರ ಇತ್ತ ಬರುತ್ತದೆ. ಇಷ್ಟು ಸಭ್ಯವಾದ ದಾನ ನಾನು ಬೇರೆಲ್ಲೂ ಕಂಡಿಲ್ಲ.

ಈ ಪಿನ್ನನ್ನು 1849ರಲ್ಲಿ ಅಮೆರಿಕದ ವಾಲ್ಟರ್ ಹಂಟ್ ಎಂಬಾತ ತಂತಿ ತಿರುವುತ್ತ ತಿರುವುತ್ತ ಕಂಡುಹಿಡಿದ. 15 ಡಾಲರಿನ ಸಾಲ ತೀರಿಸಬೇಕಿತ್ತಂತೆ. ಹಕ್ಕನ್ನು 400 ಡಾಲರಿಗೆ ಮಾರಿ ಕೈತೊಳೆದುಕೊಂಡ. ಅದಕ್ಕೂ ಮೊದಲೇ ಒಂದು ಹೊಲಿಗೆ ಯಂತ್ರ ಮಾಡಿ, ಪೇಟೆಂಟ್ ಮಾಡಿಸದೆ ಬಿಟ್ಟಿದ್ದ. ವ್ಯವಹಾರಜ್ಞಾನ ನೋಡಿದರೆ ನಮ್ಮ ಮನೆತನದವನೇ ಇರಬೇಕು.

ಸೂಜಿಯದು ಬೇರೆ ಗತ್ತು. ಸಂಜೆ ಹುಬ್ಬಳ್ಳಿಯ ದುರ್ಗದಬೈಲಿನ ಕಡೆ ಸೂಜಿ ಕೇಳಲು ಹೋಗಿ ನೋಡಿ.

"ಸೂಜಿ ಐತೇನ್ರಿ?"

"ಐತ್ರಿ. ಮುಂಜಾನೆ ಬರ್ರಿ, ದೀಪಾ ಹಚ್ಚೇವಿ."

"ಅಂಗಿ ಈಗ ಹರದೈತ್ರಿ."

"ಹಂಗಾರ ಪಿನ್ ಒಯ್ರಿ. ಡಜನ್ ಕೊಡ್ಲೇನು?"

ಎರಡೂ ಕಬ್ಬಿಣವೇ, ಎರಡಕ್ಕೂ ಮೊನೆ ಇದೆ. ದೀಪ ಹಚ್ಚಿದ ಮೇಲೆ ಸೂಜಿ ಕೊಟ್ಟರೆ ಅದರ ಬೆನ್ನು ಹತ್ತಿ ಮನೆ ಬಿಡುವ ಲಕ್ಷ್ಮಿ, ಪಿನ್ನಿಗೆ ಯಾಕೆ ಸುಮ್ಮನಿರುತ್ತಾಳೋ! ಹಂಟ್ ಮೊನೆಗೊಂದು ಟೊಪ್ಪಿಗೆ ಇಟ್ಟದ್ದು ಆಕೆಯ ಮನಸ್ಸಿಗೆ ಬಂದಿರಬಹುದು.

ಸೂಜಿ ಸಿಕ್ಕ ಮೇಲೆ ದಾರ ಪೋಣಿಸುವ ಪರೀಕ್ಷೆ. ನಂಬರು ಏರಿದಂತೆಲ್ಲ ಸೂಜಿ ಸಣ್ಣದಾಗುತ್ತದೆ. ನಮ್ಮ ಕನ್ನಡಕದ ನಂಬರು ಏರಿದಂತೆ ಅದರ ಕಣ್ಣು ಕಾಣದಾಗುತ್ತದೆ. ಹಳೇ ಸೀರೆ, ಧೋತರ ಪದರ ಪದರವಾಗಿ ಹಾಸಿ ಕೌದಿ ಹೊಲಿಯುತ್ತಿದ್ದ ನಮ್ಮಜ್ಜಿ ದಾರವನ್ನು ಸೂಜಿಯ ಕಡೆ ಒಯ್ಯುತ್ತಲೇ ಇರಲಿಲ್ಲ. ದಾರದ ತುದಿಯನ್ನು ಎರಡು ಬೆರಳಿನ ಸಂದಿಯಲ್ಲಿ ಬಿಗಿಹಿಡಿದು, ಕೂದಲೆಳೆಯಷ್ಟು ಮಾತ್ರ ಹೊರಗೆ ಬಿಟ್ಟು, ಅದರ ಮೇಲೆ ಸೂಜಿಯ ಕಣ್ಣನ್ನೇ ಇಳಿಸುತ್ತಿದ್ದಳು. ಬಾಗಲು ದಾರಕ್ಕೆ ಜಾಗವೇ ಇರುತ್ತಿರಲಿಲ್ಲ. "ಮೊಳದ ಮ್ಯಾಲ ದಾರ ತಗೋಬ್ಯಾಡೋ, ಗಂಟ ಬೀಳ್ತೈತಿ" ಎಂದು ಗದರುತ್ತಿದ್ದಳು. ಮೈಮೇಲಿನ ಅರಿವೆ ಹಾಗೇ ಹೊಲಿಯಲಂತೂ ಬಿಡುತ್ತಿರಲಿಲ್ಲ. ತೀರ ತುರ್ತಿದ್ದರೆ ಬಾಯಲ್ಲಿ ದಾರದ ತುಂಡು ಕಚ್ಚಿಕೊಂಡು ನಿಲ್ಲಬೇಕು. ಶಾಸ್ತ್ರವೋ ಏನೋ, ಹೊಲಿಸಿಕೊಳ್ಳುವವನ ಬಾಯಿ ಮುಚ್ಚಿಸಲು ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ.

ಇದೇ ಹುಬ್ಬಳ್ಳಿಯ ಬೆಂಗೇರಿಯಲ್ಲಿ, 1957ರಲ್ಲಿ ಹುಟ್ಟಿದ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದಲ್ಲಿ ರಾಷ್ಟ್ರಧ್ವಜ ಹೊಲಿಯುತ್ತಾರೆ. ಭಾರತೀಯ ಮಾನಕಗಳ ಪಟ್ಟಿಯಲ್ಲಿ ಧ್ವಜದ್ದು ಒಂದನೇ ನಂಬರು. ಅಳತೆ, ಬಣ್ಣ, ಹೊಲಿಗೆ ಎಲ್ಲಕ್ಕೂ ಕಟ್ಟುನಿಟ್ಟು. ನಾನೇ ಗುಂಡಿ ಹಚ್ಚಿದ ಅಂಗಿ ತೊಟ್ಟು ಆ ಓಣಿಯಲ್ಲಿ ಹಾಯುವಾಗ ಎದೆಯ ಮೇಲೆ ಕೈ ಇಟ್ಟುಕೊಳ್ಳುತ್ತೇನೆ. ನೋಡಿದವರು ದೇಶಭಕ್ತಿ ಅಂದುಕೊಳ್ಳುತ್ತಾರೆ.

ಧಾರವಾಡದ ಮಳೆಗಾಲದಲ್ಲಿ ಕೊಡೆಗೂ ಸೂಜಿ ಬೇಕು. ಗಾಳಿಗೆ ಬಟ್ಟೆ ಕಿತ್ತ ಕಡ್ಡಿಯ ತುದಿಯಲ್ಲಿ ಸಣ್ಣ ತೂತಿರುತ್ತದೆ. ಜೋಡುದಾರ ಅದರೊಳಗೆ ತೂರಿಸಿ ಮೂರು ಸುತ್ತು ಬಿಗಿದರೆ ಆಯಿತು, ಆಷಾಢ ದಾಟುತ್ತದೆ.

ಇವೆಲ್ಲಕ್ಕೂ ಹಿರಿಯಣ್ಣ ದಬ್ಬಣ. ಗೇಣಿಗೆ ತುಸು ಕಡಿಮೆ ಉದ್ದ, ಮೊನೆ ಚಪ್ಪಟೆ, ಕೊಂಚ ಬಾಗು. ಗೋಣಿಯ ಎಳೆಗಳನ್ನು ಸರಿಸಿಕೊಂಡು ಹೋಗುತ್ತದೆ. ಅಮರಗೋಳದ ಎಪಿಎಂಸಿಯಲ್ಲಿ ಒಮ್ಮೆ ನನ್ನ ಕೈಚೀಲದ ಹಿಡಿಕೆ ಕಿತ್ತು ಉಳ್ಳಾಗಡ್ಡಿ ಉರುಳಿದಾಗ, ಮೂಟೆ ಹೊಲಿಯುತ್ತಿದ್ದ ಹಮಾಲರೊಬ್ಬರು ಕರೆದು, ಸುತಳಿ ಹಾಕಿ ಚಕಚಕನೆ ಹೊಲಿದುಕೊಟ್ಟರು. ರೊಕ್ಕ ಮುಟ್ಟಲಿಲ್ಲ.

"ಸಾಹೇಬ್ರ, ಚೀಲಾ ಹರೀಬಹುದು, ಈ ಹೊಲಿಗಿ ಹರಿಯಂಗಿಲ್ಲ" ಅಂದರು.

ಹಾಗೇ ಆಯಿತು. ಚೀಲ ಜಾಳುಜಾಳಾಗಿ ಒರಸುವ ಅರಿವೆಯಾಯಿತು, ಅದೂ ಸವೆದು ಹೋಯಿತು. ಹಿಡಿಕೆ ಮಾತ್ರ ಗಟ್ಟಿಮುಟ್ಟಾಗಿ ಅಡಿಗೆಮನೆಯ ಮೊಳೆಗೆ ತೂಗುತ್ತಿದೆ. ಅದಕ್ಕೊಂದು ಹೊಸ ಚೀಲ ಹೊಲಿಸಿಕೊಂಡು ಬರ್ರಿ ಎಂದು ಮನೆಯವಳು ದಿನಾ ಬೆನ್ನು ಹತ್ತಿದ್ದಾಳೆ.