ಶಾಂತಿ ಸಭೆ: ಬಳಸುವ ವಿಧಾನ

ಮಿಕ್ಸರ್ ತಂದರೆ ಡಬ್ಬಿಯೊಳಗೆ ಒಂದು ಪುಸ್ತಕ ಇರುತ್ತದೆ. ಯಾರೂ ಓದುವುದಿಲ್ಲ, ಆದರೂ ಇರುತ್ತದೆ. ಹಬ್ಬ ಬಂದಾಗಲೆಲ್ಲ ಪೊಲೀಸ್ ಠಾಣೆಯ ಅಂಗಳದಲ್ಲಿ ಚಾಲೂ ಆಗುವ ಶಾಂತಿ ಸಭೆಗೆ ಮಾತ್ರ ಅಂಥ ಪುಸ್ತಕ ಇಲ್ಲ. ಇಬ್ರಾಹಿಂಪುರದ ರೈಲ್ವೆ ಗೇಟಿನ ಆಚೀಚೆ, ತಿಕೋಟಾ, ಬಬಲೇಶ್ವರದ ಕಡೆ ಇದನ್ನು ಬಳಸುವವರ ಅನುಕೂಲಕ್ಕೆ ಈ ಸೂಚನೆಗಳು.

ಡಬ್ಬಿಯೊಳಗೆ ಏನೇನಿದೆ

ಶಾಮಿಯಾನ ಒಂದು. ಪ್ಲಾಸ್ಟಿಕ್ ಕುರ್ಚಿಗಳು, ಮುಂದಿನ ಸಾಲಿಗೆ ಟವೆಲ್ ಹೊದಿಸಿದ ಸೋಫಾ. ಕುಂಯ್ ಎನ್ನುವ ಮೈಕ್. ಸಹಿ ಹಾಕಲು ಒಂದು ವಹಿ. ಅರ್ಧ ಕಪ್ ಚಹಾ, ಎರಡು ಬಿಸ್ಕೀಟು. ಎರಡೂ ಕಡೆಯ ಮುಖಂಡರು, ಹೋದ ವರ್ಷದವರೇ. ಇವರಿಗೆ ಬಿಡಿಭಾಗ ಸಿಗುವುದಿಲ್ಲ, ಬದಲಿಸುವ ಪ್ರಯತ್ನ ಬೇಡ. ಹೆಣ್ಣುಮಕ್ಕಳು ಈ ಮಾದರಿಯ ಜೊತೆ ಬರುವುದಿಲ್ಲ.

ಚಾಲೂ ಮಾಡುವುದು ಯಾವಾಗ

ಹಬ್ಬಕ್ಕೆ ಮೂರು ದಿನ ಇದ್ದಾಗ. ಅದಕ್ಕಿಂತ ಮೊದಲು ಮಾಡಿದರೆ ಜನ ಯೋಚನೆ ಮಾಡಿಬಿಡುವ ಅಪಾಯವಿದೆ. ಮೂರು ದಿನದ ಹೊತ್ತಿಗೆ ಪೆಂಡಾಲಿನ ಗಳ ನಟ್ಟಿರುತ್ತವೆ, ಪಟ್ಟಿ ಎತ್ತಿ ಆಗಿರುತ್ತದೆ, ಡಿಜೆಗೆ ಅಡ್ವಾನ್ಸ್ ಹೋಗಿರುತ್ತದೆ. ಆಗ "ನಿಮ್ಮ ಸಲಹೆ ಏನಾದರೂ ಇದ್ದರೆ ಹೇಳಿ" ಎಂದು ಕೇಳಿದರೆ ಯಾರಿಗೂ ತೊಂದರೆಯಿಲ್ಲ.

ಗೋಡೆಯ ಮೇಲೆ ತೂಗುಹಾಕಿದ ಕ್ಯಾಲೆಂಡರ್ ನೋಡಬೇಡಿ. ನೋಡಿದರೆ ಚಾಂದ್ರಮಾನದ ಮುಸ್ಲಿಂ ಹಬ್ಬಗಳು ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತವೆ, ಗಣಪತಿ ಮಾತ್ರ ಆಗಸ್ಟ್-ಸೆಪ್ಟೆಂಬರ್ ಬಿಟ್ಟು ಕದಲುವುದಿಲ್ಲ ಎಂಬುದು ತಿಳಿದುಹೋಗುತ್ತದೆ. 2023ರ ಸೆಪ್ಟೆಂಬರ್ 28ರಂದು ಅನಂತ ಚತುರ್ದಶಿಯ ವಿಸರ್ಜನೆಯೂ ಈದ್ ಮಿಲಾದೂ ಒಂದೇ ದಿನ ಬಂದವು. 2024ರಲ್ಲೂ 2025ರಲ್ಲೂ ಒಂದರ ಬೆನ್ನಿಗೆ ಇನ್ನೊಂದು. ಇದೇನು ಆಕಾಶದಿಂದ ಉದುರಿದ ಸುದ್ದಿಯಲ್ಲ, ಪಂಚಾಂಗದವರಿಗೆ ಎಂದೋ ಗೊತ್ತಿತ್ತು. 2023ರಲ್ಲಿ ಬೆಳಗಾವಿಯಲ್ಲೂ ಮುಂಬೈಯಲ್ಲೂ ಮುಸ್ಲಿಂ ಮುಖಂಡರು ತಾವೇ ಕೂತು ಮಾತಾಡಿ ಮೆರವಣಿಗೆಯನ್ನು ಮುಂದಕ್ಕೆ ಹಾಕಿಕೊಂಡರು. ಅದನ್ನು ಅವರಿಗೆ ಯಾವ ಆದೇಶವೂ ಕಲಿಸಿರಲಿಲ್ಲ.

ಭಾಷಣ ಹಾಕುವ ಕ್ರಮ

ಮೊದಲು ಬಸವಣ್ಣ. ಬಾಗೇವಾಡಿ ನಮ್ಮ ಜಿಲ್ಲೆಯದೇ, ಆದ್ದರಿಂದ ಬಿಡುವಂತಿಲ್ಲ. ಅನುಭವ ಮಂಟಪದ ಹೆಸರು ಹೇಳಿ. ಅಲ್ಲಿ ಮಡಿವಾಳರೂ ಅಂಬಿಗರೂ ಹೆಂಗಸರೂ ಎದ್ದು ನಿಂತು ಮಾತಾಡುತ್ತಿದ್ದರು ಎಂಬುದನ್ನು ಹೇಳಬೇಡಿ, ಹಿಂದಿನ ಸಾಲಿನವರಿಗೆ ಇಲ್ಲದ ಆಸೆ ಹುಟ್ಟುತ್ತದೆ. ಆಮೇಲೆ ಎರಡನೇ ಇಬ್ರಾಹಿಂ ಆದಿಲ್ ಶಾ. ಜಗದ್ಗುರು ಎನಿಸಿಕೊಂಡವನು, 'ಕಿತಾಬ್-ಎ-ನವರಸ್'ನಲ್ಲಿ ಸರಸ್ವತಿಯನ್ನೂ ಗಣಪತಿಯನ್ನೂ ಹಾಡಿದವನು. ಊರಿನ ಹೆಸರಿನಲ್ಲೇ ಒಬ್ಬ ಇಬ್ರಾಹಿಂ ಇರುವಾಗ ಇದು ಚಪ್ಪಾಳೆ ಖಾತ್ರಿಯ ಮಾತು. 1627ರಲ್ಲಿ ತೀರಿಕೊಂಡವನು ಈಗ ಎದ್ದುಬಂದು ಸಲಹೆ ಕೊಡುವುದಿಲ್ಲವಾದ್ದರಿಂದ ಸುರಕ್ಷಿತವೂ ಹೌದು.

ಕೊನೆಗೆ 'ಅಹಿತಕರ ಘಟನೆ', 'ಕಿಡಿಗೇಡಿಗಳು', 'ಸೌಹಾರ್ದಯುತವಾಗಿ' ಈ ಮೂರನ್ನೂ ಒಂದೇ ವಾಕ್ಯದಲ್ಲಿ ಬಳಸಿ ಇಳಿಯಿರಿ. ಮರುದಿನದ ಪತ್ರಿಕೆಯವರಿಗೆ ಕೆಲಸ ಕಡಿಮೆಯಾಗುತ್ತದೆ.

ಹಳ್ಳಿಗಳ ಮೊಹರಂ ಬಗ್ಗೆ ಬಾಯಿ ಬಿಡಬಾರದು. ಈ ಸೀಮೆಯಲ್ಲಿ ಒಂದೂ ಮುಸ್ಲಿಂ ಮನೆಯಿಲ್ಲದ ಊರಲ್ಲೂ ಅಲಾಯಿ ದೇವರು ಕೂಡ್ರುತ್ತವೆ. ಕುಣಿ ಅಗಿಯುವವರು ಯಾರು, ಕಟ್ಟಿಗೆ ಕೊಡುವವರು ಯಾರು, ಡೋಲಿ ಹೊರುವವರು ಯಾರು, ಅದು ಮೊದಲು ಯಾರ ಮನೆ ಮುಂದೆ ನಿಲ್ಲಬೇಕು, ಹೆಜ್ಜೆ ಹಾಕುವವರಿಗೆ ರಾತ್ರಿ ಊಟ ಯಾರ ಮನೆಯದು ಎಲ್ಲವೂ ಊರವರೇ ಕೂತು ಗೊತ್ತುಮಾಡಿಕೊಂಡದ್ದು. ತಕರಾರು ಬಂದರೆ ಕಟ್ಟೆಯ ಮೇಲೆಯೇ ಬಗೆಹರಿಯುತ್ತದೆ. ನನ್ನನ್ನು ಕೇಳಿದರೆ, ಸರ್ಕಾರದವರು ನೀತಿ ಎಂದು ಕರೆಯುವುದು ಇದನ್ನೇ, ಕಡತ ಮಾತ್ರ ಇಲ್ಲ. ಹಾಗೆಂದು ಸಭೆಯಲ್ಲಿ ಹೇಳಿದರೆ ಶಾಮಿಯಾನದ ಬಾಡಿಗೆ ದಂಡ ಅನ್ನಿಸೀತು.

ಸದ್ದಿನ ಗುಂಡಿ

2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಗಿನ 6ರವರೆಗೆ ಧ್ವನಿವರ್ಧಕ ಬಂದ್. ಮನೆಗಳಿರುವ ಕಡೆ ಹಗಲು 55 ಡೆಸಿಬೆಲ್, ರಾತ್ರಿ 45. ಇದನ್ನು ಗಟ್ಟಿಯಾಗಿ ಓದಿ. ಕೇಳುವವರು ಅರವತ್ತು ದಾಟಿದ ಮುಖಂಡರು, ಅವರು ತಲೆಯಾಡಿಸುತ್ತಾರೆ. ಡಿಜೆ ಬುಕ್ ಮಾಡಿದ ಹತ್ತೊಂಬತ್ತರ ಹುಡುಗರು ಅದೇ ಹೊತ್ತಿಗೆ ಗೇಟಿನ ಹತ್ತಿರದ ಚಹಾದಂಗಡಿಯಲ್ಲಿರುತ್ತಾರೆ. ಅವರನ್ನು ಕರೆಯುವ ಗುಂಡಿ ಈ ಯಂತ್ರದಲ್ಲಿಲ್ಲ.

ಎಚ್ಚರಿಕೆ

ಏನೇ ಆದರೂ 'ಹೊರಗಿನವರು' ಎಂಬ ಗುಂಡಿಯನ್ನೇ ಒತ್ತಿ. 2012ರ ಜನವರಿ 1ರಂದು ನಮ್ಮದೇ ಜಿಲ್ಲೆಯ ಸಿಂದಗಿಯಲ್ಲಿ ತಹಶೀಲ್ದಾರ್ ಕಚೇರಿ ಮುಂದೆ ಪಾಕಿಸ್ತಾನದ ಬಾವುಟ ಹಾರಿತು. ಊರು ಹೊತ್ತಿತು. ಕೆಲವೇ ದಿನಗಳಲ್ಲಿ ಪೊಲೀಸರು ಆರೋಪಿಗಳೆಂದು ಬಂಧಿಸಿದ್ದು ಹಿಂದೂ ಸಂಘಟನೆಯೊಂದಕ್ಕೆ ಸೇರಿದವರೆನ್ನಲಾದ ಅಲ್ಲಿಯದೇ ಹುಡುಗರನ್ನು. ಈ ಸಂಗತಿ ನೆನಪಾದರೆ ಕೂಡಲೇ ಬಿಸ್ಕೀಟು ಹಂಚಲು ಹೇಳಿ.

ಕಲ್ಲು ತಿಂದ ಅಂಗಡಿಯವರನ್ನು ಎಂದೂ ಸಭೆಗೆ ಕರೆಯಬಾರದು. ಅವರು ಠಾಣೆಗೆ ಬರಬೇಕಾದದ್ದು ಪಂಚನಾಮೆಗೆ ಸಹಿ ಹಾಕಲು. ಕೊಲಂಬಿಯಾದವರಿಗೆ ಈ ಶಿಸ್ತು ಗೊತ್ತಿರಲಿಲ್ಲ: ಅಲ್ಲಿನ ಸರ್ಕಾರವೂ ಫಾರ್ಕ್ ಬಂಡುಕೋರರೂ ಹವಾನಾದಲ್ಲಿ ಮಾತುಕತೆ ನಡೆಸಿದಾಗ, 2014ರಲ್ಲಿ, ಆ ಕಾಳಗದಲ್ಲಿ ನೊಂದ 60 ಮಂದಿಯನ್ನು ಹನ್ನೆರಡು ಹನ್ನೆರಡರಂತೆ ಕರೆಸಿ ಮೇಜಿನ ಮುಂದೆ ಕೂಡ್ರಿಸಿ ಕೇಳಿದರು. ಆಮೇಲೆ 2016ರಲ್ಲಿ ಜನ ಓಟು ಹಾಕಿ ಒಪ್ಪಂದವನ್ನು ಕೂದಲೆಳೆಯ ಅಂತರದಲ್ಲಿ ಬೇಡವೆಂದರು. ಜನರನ್ನು ಕೇಳಿದರೆ ಹೀಗೂ ಆಗುತ್ತದೆ. ತಿದ್ದಿದ ಒಪ್ಪಂದಕ್ಕೆ ಅದೇ ವರ್ಷ ಸಹಿ ಬಿತ್ತು ಎಂಬುದು ಬೇರೆ ಮಾತು.

ಯಂತ್ರ ಕೆಟ್ಟರೆ

ಕೆಲವೊಮ್ಮೆ ಹಿಂದಿನ ಸಾಲಿನಿಂದ ನಿಜವಾದ ಸಲಹೆ ಬಂದುಬಿಡುತ್ತದೆ. ನಾನು ಕಂಡ ಒಂದು ಸಭೆಯಲ್ಲಿ ವಂದನಾರ್ಪಣೆಗೆ ಎದ್ದಾಗ ಧೋತರ ಉಟ್ಟ ಅಜ್ಜನೊಬ್ಬ ಕೈ ಎತ್ತಿದ.

"ಸಾಹೇಬ್ರ, ಮೆರವಣಿಗಿ ತಿರಗೂ ಮೂಲ್ಯಾಗ ಕಂಬದ ಲೈಟ್ ಹೋಗಿ ಮೂರ್ ತಿಂಗಳಾತ್ರಿ. ಕತ್ತಲಾಗ ಯಾರ್ ಒಗದ್ರು ಅಂತ ಯಾರಿಗಿ ತಿಳೀತದರಿ?"

ವೇದಿಕೆಯ ಮೇಲಿದ್ದವರು ನಕ್ಕರು. "ಅಜ್ಜಾರ, ಇದು ಲೈಟಿನ ಸಭಾ ಅಲ್ಲರಿ, ಶಾಂತಿ ಸಭಾ."

ಅಜ್ಜ ಕೂತ. ಚಹಾ ಬಂತು. ಆ ಅರ್ಧ ತಾಸಿನಲ್ಲಿ ಶಾಂತಿಯ ಬಗ್ಗೆ ಯಾರಾದರೂ ಮಾತಾಡಿದ್ದರೆ ಅದು ಅವನೊಬ್ಬನೇ, ಮತ್ತು ವಹಿಯಲ್ಲಿ ಅವನ ಸಹಿಯೂ ಇರಲಿಲ್ಲ, ಪೆನ್ನು ಹಿಂದಿನ ಸಾಲಿನವರೆಗೆ ಬಂದಿರಲಿಲ್ಲ.

ಇನ್ನೊಂದು ಮಾದರಿ

ಹಳ್ಳಿಗಳಲ್ಲಿ ಇನ್ನೊಂದು ಯಂತ್ರ ಡಬ್ಬಿ ಒಡೆಯದೆ ಬಿದ್ದಿದೆ. 1993ರ ಪಂಚಾಯತ್ ರಾಜ್ ಕಾಯ್ದೆಯಲ್ಲಿ ಬರುವ ವಾರ್ಡ್ ಸಭೆ. ಆರು ತಿಂಗಳಿಗೊಮ್ಮೆಯಾದರೂ ಸೇರಬೇಕು; ಮತದಾರರ ಪಟ್ಟಿಯಲ್ಲಿ ಹೆಸರಿದ್ದವರೆಲ್ಲ ಸದಸ್ಯರು. ಅಂದರೆ ಹತ್ತೊಂಬತ್ತರ ಹುಡುಗನೂ ಅವನ ಅವ್ವನೂ ಆ ಅಜ್ಜನೂ. ಬೀದಿದೀಪ ಎಲ್ಲಿರಬೇಕೆಂದು ಸೂಚಿಸುವುದು ಅದರ ಕೆಲಸ. ಜನರ ನಡುವೆ ಸಾಮರಸ್ಯ ಬೆಳೆಸುವುದೂ ಅದರದೇ ಕೆಲಸ. ಕಾಯ್ದೆ ಬರೆದವರು ಎರಡನ್ನೂ ಒಂದೇ ಕಲಮಿನ ಒಂದೇ ಪಟ್ಟಿಯಲ್ಲಿ ಇಟ್ಟಿದ್ದಾರೆ.

ಆದ್ದರಿಂದ ಮುಂದಿನ ಸಭೆಗೆ ನೋಟಿಸು ಬಂದಾಗ, ಅದು ಯಾವ ಸಭೆಯೇ ಆಗಲಿ, ಮನೆಯಿಂದ ಹೊರಡುವ ಮುಂಚೆ ನಿಮ್ಮ ಓಣಿಯ ಮೂಲೆಯ ಕಂಬದ ನಂಬರು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಪೆನ್ನು ಜೇಬಿನಲ್ಲೇ ಇರಲಿ.